ಪರಿಣತಿಯೂ ಪ್ರಮಾಣಪತ್ರವೂ

ಹಾನಗಲ್ಲ ಸೀಮೆಯ ರೈತನು ಹೊಸ ಕೂರಿಗೆಯನ್ನು ಮಾಡಿಸಬೇಕಾದಾಗ ಊರ ಬಡಿಗನ ಬಳಿಗೆ ಹೋಗುತ್ತಾನೆ. ಅವನಿಂದ ಯಾವ ಪತ್ರವನ್ನೂ ಕೇಳುವುದಿಲ್ಲ. ಬಡಿಗನ ತಂದೆ ಮಾಡಿಕೊಟ್ಟ ಕೂರಿಗೆಯಿಂದ ರೈತನ ತಂದೆ ಬಿತ್ತಿದ್ದನು. ಮಗನ ಕೈಗುಣವನ್ನೂ ಊರೆಲ್ಲ ಕಂಡಿದೆ. ಸವಣೂರಿನ ವೀಳ್ಯದೆಲೆಯನ್ನು ಕೊಳ್ಳುವವನೂ ಹಾಗೆಯೇ. ಎಲೆಯನ್ನು ಕಣ್ಣಿನಿಂದ ನೋಡಿ, ಬೆರಳಿನಿಂದ ಮುಟ್ಟಿ ಅದರ ಗುಣವನ್ನು ಅರಿಯುತ್ತಾನೆ. ಪರಿಚಯವಿರುವಲ್ಲಿ, ವಸ್ತುವು ಕಣ್ಣೆದುರಿಗೇ ಇರುವಲ್ಲಿ ಬೇರೆ ಸಾಕ್ಷಿ ಬೇಕಾಗುವುದಿಲ್ಲ.

ಆದರೆ ಶಿಗ್ಗಾಂವಿಯ ಇಲ್ಲವೆ ಹಿರೇಕೆರೂರಿನ ತರುಣನೊಬ್ಬನು ಬೆಂಗಳೂರಿಗೆ ಹೋಗಿ, ಗಣಕಯಂತ್ರಗಳಿಗೆ ಸಂಬಂಧಿಸಿದ ಉದ್ಯೋಗವನ್ನು ಅರಸಿ ಅಪರಿಚಿತರ ಮುಂದೆ ನಿಂತಾಗ ಪರಿಸ್ಥಿತಿ ಬೇರೆಯಾಗುತ್ತದೆ. ಅವನನ್ನು ಬಲ್ಲವರು ಅಲ್ಲಿ ಯಾರೂ ಇಲ್ಲ. ಅವನ ಅರಿವನ್ನು ಎಲೆಯಂತೆ ಮುಟ್ಟಿ ನೋಡಲೂ ಬಾರದು. “ಇವನು ಈ ಕೆಲಸವನ್ನು ಬಲ್ಲನು” ಎಂದು ನಿಷ್ಪಕ್ಷಪಾತಿಯಾದ ಮೂರನೆಯವರೊಬ್ಬರು ಹೇಳಬೇಕು. ಆ ಮಾತನ್ನು ಹೇಳುವುದೇ ಪ್ರಮಾಣಪತ್ರ. ಶಿಫಾರಸು ಮಾಡಬಲ್ಲ ಬಂಧುಬಳಗವಿಲ್ಲದ ಬಡವನ ಮಗನಿಗೇ ಅದರ ಅಗತ್ಯವು ಎಲ್ಲರಿಗಿಂತ ಹೆಚ್ಚು.

ಪರಿಣತಿಗೆ ಮನ್ನಣೆಯ ಮುದ್ರೆಯೊತ್ತುವ ಪದ್ಧತಿಯು ನಮ್ಮ ನಾಡಿಗೆ ಹೊಸದಲ್ಲ. ಎಂಟನೆಯ ಶತಮಾನದಲ್ಲಿ ಬಾದಾಮಿ ಚಾಲುಕ್ಯರ ಎರಡನೆಯ ವಿಕ್ರಮಾದಿತ್ಯನ ರಾಣಿ ಲೋಕಮಹಾದೇವಿಯು ಪಟ್ಟದಕಲ್ಲಿನಲ್ಲಿ ಕಟ್ಟಿಸಿದ ಗುಡಿಯು ಇಂದು ವಿರೂಪಾಕ್ಷ ದೇವಾಲಯವೆಂದು ಹೆಸರಾಗಿದೆ. ಅದರ ಸೂತ್ರಧಾರಿಯಾದ ಗುಂಡನಿಗೆ ‘ತ್ರಿಭುವನಾಚಾರಿ’ ಎಂಬ ಬಿರುದು ದೊರೆತುದನ್ನು ಅಲ್ಲಿಯ ಶಾಸನವು ತಿಳಿಸುತ್ತದೆ. ಆ ಗುಡಿಯು ಇಂದಿಗೂ ನಿಂತು ಆ ಬಿರುದು ಸಟೆಯಲ್ಲವೆಂದು ಸಾರುತ್ತಿದೆ.

ಸ್ವಾತಂತ್ರ್ಯಾನಂತರ ಅರಸರ ಬಿರುದಿನ ಸ್ಥಾನಕ್ಕೆ ಪರೀಕ್ಷೆಯು ಬಂದಿತು. ಭಾರತ ಸರಕಾರವು 1950ರಲ್ಲಿ ಕುಶಲಕರ್ಮಿಗಳ ತರಬೇತಿ ಯೋಜನೆಯನ್ನು ಆರಂಭಿಸಿತು. ಎಸ್.ಎಸ್.ಎಲ್.ಸಿ. ಮುಗಿಸಿದವರು ಸೇರುವ ಕೈಗಾರಿಕಾ ತರಬೇತಿ ಸಂಸ್ಥೆಗಳು ಈ ಯೋಜನೆಗೆ ಸೇರಿದವು. ಅಲ್ಲಿ ಫಿಟ್ಟರ್, ಎಲೆಕ್ಟ್ರಿಷಿಯನ್ ವೃತ್ತಿಗಳಿಗೆ ಎರಡು ವರ್ಷ, ಗಣಕಯಂತ್ರ ನಿರ್ವಹಣೆಗೆ ಒಂದು ವರ್ಷ ಕಲಿಯಬೇಕು. ಇದಕ್ಕೆಂದು 1956ರಲ್ಲಿ ರಾಷ್ಟ್ರೀಯ ಮಂಡಳಿಯೊಂದು ಸ್ಥಾಪಿತವಾಯಿತು. ಪರೀಕ್ಷೆಯು ದೇಶಕ್ಕೆಲ್ಲ ಒಂದೇ ಆದುದರಿಂದ ಹಾವೇರಿ ಜಿಲ್ಲೆಯಲ್ಲಿ ಪಡೆದ ಪತ್ರವು ಪುಣೆಯ ಕಾರ್ಖಾನೆಯಲ್ಲಿಯೂ ಮಾನ್ಯವಾಗುತ್ತದೆ. 1961ರ ಅಪ್ರೆಂಟಿಸ್ ಕಾಯಿದೆಯು ಕಾರ್ಖಾನೆಯಲ್ಲಿಯೇ ವೇತನ ಪಡೆಯುತ್ತ ಕೆಲಸ ಕಲಿಯಲು ದಾರಿ ಮಾಡಿತು.

ಗಣಕವಿದ್ಯೆಯಲ್ಲಿ ಕೆಲವು ಪತ್ರಗಳನ್ನು ಯಂತ್ರಗಳನ್ನೂ ತಂತ್ರಾಂಶಗಳನ್ನೂ ತಯಾರಿಸುವ ಸಂಸ್ಥೆಗಳೇ ಕೊಡುತ್ತವೆ. ಗಣಕಜಾಲಗಳನ್ನು ಕುರಿತು ಸಿಸ್ಕೋ ಸಂಸ್ಥೆಯು 1998ರಲ್ಲಿ ಆರಂಭಿಸಿದ ಸಿ.ಸಿ.ಎನ್.ಎ. ಎಂಬ ಪತ್ರವು ಜಗತ್ತಿನಾದ್ಯಂತ ಪರಿಚಿತವಾದುದು. ಅದರ ಅವಧಿ ಮೂರೇ ವರ್ಷ. ಆಮೇಲೆ ಅದನ್ನು ನವೀಕರಿಸಬೇಕು. ಯಂತ್ರವು ಬದಲಾದಂತೆ ಅರಿವೂ ಬೆಳೆಯಬೇಕೆಂಬುದೇ ಇದರ ತಾತ್ಪರ್ಯ. ರೆಡ್ ಹ್ಯಾಟ್ ಸಂಸ್ಥೆಯ ಪರೀಕ್ಷೆಯಲ್ಲಂತೂ ಬಾಯಿಪಾಠವು ನಡೆಯದು. ಗಣಕದ ಮುಂದೆ ಕುಳಿತು ಒಪ್ಪಿಸಿದ ಕೆಲಸವನ್ನು ಮಾಡಿ ತೋರಿಸಲೇಬೇಕು.

ಆದರೂ ಎಲ್ಲ ಪತ್ರಗಳ ಬೆಲೆಯೂ ಒಂದೇ ಅಲ್ಲ. ಕಲಿಸದೆಯೇ, ಪರೀಕ್ಷಿಸದೆಯೇ ಹಣ ಪಡೆದು ಪತ್ರ ಕೊಡುವವರೂ ಉಂಟು. ಮನೆಯವರು ಹತ್ತಿಯನ್ನು ಮಾರಿ ಕೂಡಿಟ್ಟ ಹಣವನ್ನು ಇಂಥಲ್ಲಿ ತೆತ್ತವನು ಹಣವನ್ನೂ ಕಾಲವನ್ನೂ ಕಳೆದುಕೊಳ್ಳುತ್ತಾನೆ. ಆದುದರಿಂದ ಶುಲ್ಕವನ್ನು ಕಟ್ಟುವ ಮೊದಲು ಮೂರು ಪ್ರಶ್ನೆಗಳನ್ನು ಕೇಳಬೇಕು: ಪರೀಕ್ಷಿಸುವವರು ಯಾರು? ಪರೀಕ್ಷೆಯಲ್ಲಿ ಕೈಯಿಂದ ಕೆಲಸವನ್ನು ಮಾಡಿಸುತ್ತಾರೆಯೆ? ಉದ್ಯೋಗ ಕೊಡುವವರು ಆ ಪತ್ರವನ್ನು ಮನ್ನಿಸುತ್ತಾರೆಯೆ? ಉತ್ತರವು ಸ್ಪಷ್ಟವಾಗಿಲ್ಲದಿದ್ದರೆ ಅಂಥ ಪತ್ರವು ಖೊಟ್ಟಿ ನಾಣ್ಯಕ್ಕೆ ಸಮಾನ.

ಒಳ್ಳೆಯ ಪತ್ರಕ್ಕೂ ಒಂದು ಮಿತಿಯುಂಟು. ಅದು ಬಾಗಿಲನ್ನು ತೆರೆಯಿಸಬಲ್ಲುದು. ಒಳಗೆ ಹೋದ ಮೇಲೆ ಉತ್ತರ ಕೊಡಬೇಕಾದವನು ಅಭ್ಯರ್ಥಿಯೇ. ಅನೇಕ ಉದ್ಯೋಗಗಳಿಗೆ ಪದವಿ ಅಥವಾ ಡಿಪ್ಲೊಮಾ ಕೂಡ ಬೇಕು. ಕೈಗೂಡಿದ ಕೆಲಸ ಮೊದಲು, ಅದಕ್ಕೆ ಸಾಕ್ಷಿ ಅನಂತರ. ಈ ಕ್ರಮವು ತಲೆಕೆಳಗಾಗಬಾರದು.

ಊರ ಬಡಿಗನ ಪ್ರಮಾಣಪತ್ರವು ಹೊಲದಲ್ಲಿ ಸಾಲುಸಾಲಾಗಿ ಮೊಳೆತ ಪೈರಿನಲ್ಲಿದೆ. ದೂರದ ನಗರಕ್ಕೆ ಆ ಹೊಲವನ್ನು ಹೊತ್ತುಕೊಂಡು ಹೋಗಲಾಗದು. ಅದಕ್ಕಾಗಿಯೇ ಕಾಗದವನ್ನು ಒಯ್ಯುತ್ತೇವೆ. ಆ ಕಾಗದದ ಹಿಂದೆ ಅಂಥದೇ ಒಂದು ಪೈರು ಇರಬೇಕು.

ಅಭ್ಯಾಸ

1. ಊರ ಬಡಿಗನಿಗೆ ಬೇಕಿಲ್ಲದ ಪತ್ರವು ನಗರಕ್ಕೆ ಹೋದ ತರುಣನಿಗೆ ಏಕೆ ಬೇಕು?
2. ಶುಲ್ಕವನ್ನು ಕಟ್ಟುವ ಮೊದಲು ಕೇಳಬೇಕಾದ ಪ್ರಶ್ನೆಗಳಾವುವು?
3. ‘ಖೊಟ್ಟಿ ನಾಣ್ಯ’ ಎಂಬ ಹೋಲಿಕೆಯ ಔಚಿತ್ಯವನ್ನು ವಿವರಿಸಿರಿ.