ಸ್ಕೇಟ್‌ಬೋರ್ಡಿನ ಮೊದಲ ವರಸೆಗಳು

ಕ್ರೀಡೆಗಳಲ್ಲಿ ಎರಡು ಬಗೆ. ಎದುರಾಳಿಯೊಡನೆ ಹೋರಾಡುವುದು ಒಂದು. ತನ್ನ ದೇಹದೊಡನೆಯೇ ಹೋರಾಡುವುದು ಇನ್ನೊಂದು. ಕುಸ್ತಿ, ಕಬಡ್ಡಿ, ಹಾಕಿ ಮೊದಲನೆಯ ಪಂಗಡಕ್ಕೆ ಸೇರಿದವು. ಈಜು, ಮಲ್ಲಕಂಬ, ಸೈಕಲ್ ಸವಾರಿ ಎರಡನೆಯ ಪಂಗಡದವು. ಸ್ಕೇಟ್‌ಬೋರ್ಡ್ ಎಂಬ ನಾಲ್ಕು ಗಾಲಿಗಳ ಹಲಗೆಯ ಆಟವೂ ಈ ಎರಡನೆಯ ಪಂಗಡಕ್ಕೇ ಸೇರಿದುದು. ಸೈಕಲ್ಲಿಗೆ ಹಿಡಿಯಿದೆ, ಬ್ರೇಕಿದೆ, ಕೂರಲು ಆಸನವಿದೆ. ಈ ಹಲಗೆಗೆ ಅವು ಯಾವುವೂ ಇಲ್ಲ. ಪಾದವನ್ನು ಕಟ್ಟುವ ಪಟ್ಟಿ ಕೂಡ ಇಲ್ಲ. ಆದರೂ ಬಲ್ಲವರು ಇದರ ಮೇಲೆ ನಿಂತು, ಕೈಯಿಂದ ಮುಟ್ಟದೆ, ಹಲಗೆಯ ಸಮೇತ ಗಾಳಿಗೆ ನೆಗೆದು ಪುನಃ ನೆಲಕ್ಕಿಳಿಯುತ್ತಾರೆ.

ದೂರದಿಂದ ನೋಡಿದವರು ಇದನ್ನು ಗಂಡೆದೆಯವರ ಹುಚ್ಚಾಟವೆಂದು ತಿಳಿಯುವುದು ಸಹಜ. ಆದರೆ ವಿಚಾರಿಸಿ ನೋಡಿದರೆ ಈ ಆಟದಲ್ಲಿ ಧೈರ್ಯಕ್ಕಿಂತ ಕ್ರಮಕ್ಕೆ ಬೆಲೆ ಹೆಚ್ಚು. ಹೊಸಬರು ಮಾಡುವ ತಪ್ಪುಗಳಲ್ಲಿ ಬಹುಪಾಲು ಕಾಲಿನ ತಪ್ಪುಗಳಲ್ಲ, ಭಯದ ತಪ್ಪುಗಳು. ಭಯವು ಬೈಗುಳದಿಂದಾಗಲಿ ಹುರಿದುಂಬಿಸುವುದರಿಂದಾಗಲಿ ಹೋಗುವಂಥದಲ್ಲ. ಪಾಠದ ಕ್ರಮದಿಂದ ಹೋಗಬೇಕು. ಈ ಮಾತನ್ನು ವಿವರಿಸುವುದೇ ಪ್ರಕೃತ ಲೇಖನದ ಉದ್ದೇಶ.

ಆಟ ಬೆಳೆದ ಬಗೆ

ಈ ಆಟದ ತವರು ಅಮೆರಿಕದ ಕ್ಯಾಲಿಫೋರ್ನಿಯಾ. ಅಲ್ಲಿನ ಕಡಲ ತೀರದ ಯುವಕರು ಹಲಗೆಯ ಮೇಲೆ ನಿಂತು ಅಲೆಗಳನ್ನು ಸವಾರಿ ಮಾಡುತ್ತಿದ್ದರು. ಅಲೆಗಳಿಲ್ಲದ ದಿನಗಳಲ್ಲಿ ಅದೇ ಸುಖವನ್ನು ನೆಲದ ಮೇಲೆ ಹುಡುಕಿ, ಹಲಗೆಗೆ ಗಾಲಿಗಳನ್ನು ಜೋಡಿಸಿದರು. 1960ರ ದಶಕದಲ್ಲಿ ಇದು ಬಹಳ ಹರಡಿತು. ಆದರೆ ಅಂದಿನ ಗಾಲಿಗಳು ಜೇಡಿಯ ಮಿಶ್ರಣದಿಂದ ಮಾಡಿದವು. ನೆಲದ ಮೇಲೆ ಹಿಡಿತವಿರಲಿಲ್ಲ. ಒಂದು ಹರಳು ಅಡ್ಡ ಬಂದರೂ ಹಲಗೆ ಗಕ್ಕನೆ ನಿಂತು ಸವಾರನನ್ನು ಎಸೆಯುತ್ತಿತ್ತು. 1970ರ ದಶಕದ ಆರಂಭದಲ್ಲಿ ಫ್ರ್ಯಾಂಕ್ ನ್ಯಾಸ್‌ವರ್ದಿ ಎಂಬವರು ಯೂರಿಥೇನ್ ಗಾಲಿಗಳನ್ನು ತಂದ ಮೇಲೆ ಆಟದ ಸ್ವರೂಪವೇ ಬದಲಾಯಿತು. ಇವು ನೆಲವನ್ನು ಹಿಡಿಯುತ್ತಿದ್ದವು, ಸಣ್ಣ ಹರಳುಗಳನ್ನು ದಾಟುತ್ತಿದ್ದವು. 1976-77ರಲ್ಲಿ ಕ್ಯಾಲಿಫೋರ್ನಿಯಾದಲ್ಲಿ ಬರಗಾಲ ಬಂದು ಮನೆಗಳ ಈಜುಕೊಳಗಳು ಬರಿದಾದಾಗ, ಅವುಗಳ ಬಾಗಿದ ಗೋಡೆಗಳೇ ಯುವಕರ ಗರಡಿಮನೆಗಳಾದವು.

ಇಂದು ಈ ಆಟದ ಮೂಲಾಕ್ಷರವೆನಿಸಿರುವ ವರಸೆಗೆ 'ಆಲಿ' ಎಂದು ಹೆಸರು. ಫ್ಲಾರಿಡಾದ ಆಲನ್ ಗೆಲ್‌ಫಾಂಡ್ ಎಂಬ ಹುಡುಗನ ಅಡ್ಡಹೆಸರು ಆಲಿ. ಕೈಯಿಂದ ಹಿಡಿಯದೆ ಹಲಗೆಯೊಡನೆ ಗಾಳಿಗೇರುವುದನ್ನು ಅವನು 1970ರ ದಶಕದ ಕೊನೆಯಲ್ಲಿ ಇಳಿಜಾರು ಗೋಡೆಗಳ ಮೇಲೆ ಸಾಧಿಸಿದನು. ಅದನ್ನೇ ಸಮತಟ್ಟಾದ ನೆಲದ ಮೇಲೆ ಮಾಡಿ ತೋರಿಸಿದವನು ರಾಡ್ನಿ ಮಲ್ಲೆನ್. ಅದು 1980ರ ದಶಕದ ಮೊದಲ ವರ್ಷಗಳ ಮಾತು.

ಹಲಗೆಯ ಅಂಗಗಳು

ಹಲಗೆಯನ್ನು ಮೇಪಲ್ ಮರದ ಏಳು ತೆಳು ಪದರಗಳನ್ನು ಅಂಟಿಸಿ ಒತ್ತಿ ಮಾಡುವುದು ವಾಡಿಕೆ. ಅಗಲ ಸುಮಾರು 8 ಅಂಗುಲ, ಉದ್ದ ಸುಮಾರು 32 ಅಂಗುಲ. ಎರಡು ತುದಿಗಳೂ ಮೇಲಕ್ಕೆ ಬಾಗಿರುತ್ತವೆ. ಮುಂದಿನದು ಮೂತಿ, ಹಿಂದಿನದು ಬಾಲ. ಮೇಲ್ಮೈಗೆ ಮರಳು ಕಾಗದದಂತೆ ಒರಟಾದ ಹಾಳೆಯನ್ನು ಅಂಟಿಸಿರುತ್ತಾರೆ. ಕೆಳಗೆ ಲೋಹದ ಎರಡು ಅಚ್ಚುಗಳು. ಇವಕ್ಕೆ 'ಟ್ರಕ್' ಎಂದು ಹೆಸರು. ಪ್ರತಿಯೊಂದನ್ನೂ ನಾಲ್ಕು ಬೋಲ್ಟುಗಳಿಂದ ಬಿಗಿದಿರುತ್ತದೆ. ಅಚ್ಚಿನ ನಡುವೆ ಮೆತ್ತನೆಯ ಬುಷ್‌ಗಳಿರುವುದರಿಂದ, ಹಲಗೆಯ ಒಂದು ಅಂಚಿನ ಮೇಲೆ ಭಾರ ಹಾಕಿದರೆ ಗಾಲಿಗಳು ಆ ಕಡೆಗೆ ತಿರುಗುತ್ತವೆ. ಗಾಲಿಗಳ ವ್ಯಾಸ ಸಾಮಾನ್ಯವಾಗಿ 50ರಿಂದ 54 ಮಿಲಿಮೀಟರ್.

ಈ ಅಂಗಗಳಲ್ಲಿ ಎರಡನ್ನು ಚೆನ್ನಾಗಿ ನೆನಪಿಡಬೇಕು: ಬೋಲ್ಟುಗಳು ಮತ್ತು ಬಾಲ. ಬೋಲ್ಟುಗಳ ಮೇಲೆ ಕಾಲಿಟ್ಟರೆ ಹಲಗೆ ಸ್ಥಿರ. ಬಾಲದ ಮೇಲೆ ಕಾಲಿಟ್ಟರೆ ಚಂಚಲ. ಮುಂದೆ ಬರುವ ವರಸೆಗಳೆಲ್ಲ ಈ ಎರಡು ಸ್ಥಾನಗಳ ನಡುವಿನ ವ್ಯವಹಾರವೇ ಆಗಿವೆ.

ಮೊದಲ ಪಾಠ: ಬೀಳುವುದು

'ನೀರಿಗಿಳಿಯದೆ ಈಜು ಬಾರದು' ಎಂಬ ಮಾತಿದೆ. ಇಲ್ಲಿ ಬೀಳದೆ ನಿಲ್ಲುವುದು ಬಾರದು. ಆದ ಕಾರಣ ಹಲಗೆಯನ್ನು ಪಕ್ಕಕ್ಕಿಟ್ಟು ಹುಲ್ಲಿನ ಮೇಲೆ ಬೀಳುವುದನ್ನು ಅಭ್ಯಾಸ ಮಾಡುವುದೇ ಮೊದಲ ದಿನದ ಪಾಠವಾಗಬೇಕು.

ಬೀಳುವಾಗ ಮನುಷ್ಯನ ಸ್ವಭಾವವೇನೆಂದರೆ, ಕೈಯನ್ನು ನೇರವಾಗಿ ಚಾಚಿ ನೆಲಕ್ಕೆ ಊರುವುದು. ಇಡೀ ದೇಹದ ಭಾರ ಆಗ ಮಣಿಕಟ್ಟಿನ ಸಣ್ಣ ಮೂಳೆಗಳ ಮೇಲೆ ಬೀಳುತ್ತದೆ. ಈ ಆಟದಲ್ಲಿ ಮಣಿಕಟ್ಟು ಮುರಿಯುವವರು ಹೆಚ್ಚಾಗಿರುವುದು ಇದರಿಂದಲೇ. ಆದುದರಿಂದ ಹೀಗೆ ಅಭ್ಯಾಸ ಮಾಡಬೇಕು: ಸಮತೋಲ ತಪ್ಪಿತೆಂದು ತಿಳಿದೊಡನೆ ಮೊಣಕಾಲುಗಳನ್ನು ಮಡಿಸಿ ಕುಗ್ಗುವುದು, ತಗ್ಗಿನಿಂದ ಬಿದ್ದರೆ ಪೆಟ್ಟು ಕಡಿಮೆ. ಮೊಣಕೈಗಳನ್ನು ಮಡಿಸಿಯೇ ಇಡುವುದು. ಎದೆಗೆ ಗಲ್ಲವನ್ನು ತಾಗಿಸಿ, ಹೋಗುತ್ತಿದ್ದ ದಿಕ್ಕಿಗೇ ಹೆಗಲ ಮೇಲೆ ಉರುಳುವುದು. ವೇಗದಲ್ಲಿರುವ ದೇಹವನ್ನು ತಟ್ಟನೆ ನಿಲ್ಲಿಸಿದರೆ ಪೆಟ್ಟು ಒಂದೇ ಕಡೆ ತಗಲುತ್ತದೆ. ಉರುಳಿದರೆ ಅದು ಹಂಚಿಹೋಗುತ್ತದೆ. ವೇಗ ಕಡಿಮೆಯಿದ್ದರೆ ಹಲಗೆಯಿಂದ ಮುಂದಕ್ಕೆ ಇಳಿದು ನಾಲ್ಕು ಹೆಜ್ಜೆ ಓಡಿಬಿಡುವುದೇ ಎಲ್ಲಕ್ಕಿಂತ ಒಳ್ಳೆಯದು.

ತಲೆಗೆ ಹೆಲ್ಮೆಟ್, ಮಣಿಕಟ್ಟು, ಮೊಣಕೈ, ಮೊಣಕಾಲುಗಳಿಗೆ ಕವಚ, ಕಾಲಿಗೆ ಚಪ್ಪಟೆ ಅಟ್ಟೆಯ ಕ್ಯಾನ್ವಾಸ್ ಬೂಟು—ಇವು ಆಡಂಬರವಲ್ಲ. ತಲೆಗೆ ಪೆಟ್ಟು ಬಿದ್ದರೆ ಯಾವ ಉರುಳುವ ವಿದ್ಯೆಯೂ ಕಾಪಾಡಲಾರದು. ಚಪ್ಪಲಿ ಹಾಕಿಕೊಂಡು ಹಲಗೆ ಏರುವುದು ಎಂದಿಗೂ ಸಲ್ಲದು.

ನಿಲುವು ಮತ್ತು ನಡೆ

ಎಡಗಾಲು ಮುಂದಿಟ್ಟು ನಿಲ್ಲುವವರನ್ನು 'ರೆಗ್ಯುಲರ್' ಎಂದೂ ಬಲಗಾಲು ಮುಂದಿಟ್ಟು ನಿಲ್ಲುವವರನ್ನು 'ಗೂಫಿ' ಎಂದೂ ಕರೆಯುತ್ತಾರೆ. ಇವುಗಳಲ್ಲಿ ಮೇಲು ಕೀಳೆಂಬುದಿಲ್ಲ. ತನ್ನ ನಿಲುವು ಯಾವುದೆಂದು ತಿಳಿಯದವರು ಎರಡನ್ನೂ ಪರೀಕ್ಷಿಸಿ, ದೇಹಕ್ಕೆ ಹಿತವೆನಿಸಿದುದನ್ನು ಆರಿಸಿಕೊಳ್ಳಬಹುದು.

ಮುಂಗಾಲನ್ನು ಮುಂದಿನ ಬೋಲ್ಟುಗಳ ಮೇಲೆ, ಬೆರಳುಗಳು ಮುಂದಕ್ಕೆ ತಿರುಗಿರುವಂತೆ ಇಟ್ಟು, ಹಿಂಗಾಲಿನಿಂದ ನೆಲವನ್ನು ತಳ್ಳಬೇಕು. ದೇಹದ ಭಾರವೆಲ್ಲ ಮುಂಗಾಲಿನ ಮೇಲಿರಬೇಕು. ಹಲಗೆ ಚಲಿಸತೊಡಗಿದ ಮೇಲೆ ಹಿಂಗಾಲನ್ನು ಹಿಂದಿನ ಬೋಲ್ಟುಗಳ ಮೇಲಿಟ್ಟು, ಎರಡು ಪಾದಗಳನ್ನೂ ಅಡ್ಡಲಾಗಿ ತಿರುಗಿಸಿ, ಮೊಣಕಾಲು ಸ್ವಲ್ಪ ಮಡಿಸಿ ನಿಲ್ಲಬೇಕು. ನಿಲ್ಲಿಸಬೇಕಾದಾಗ ಹಿಂಗಾಲಿನ ಅಟ್ಟೆಯನ್ನು ನೆಲಕ್ಕೆ ಮೆಲ್ಲಗೆ ತಾಗಿಸಿ ಎಳೆಯಬೇಕು. ನಿಲ್ಲಿಸಲು ಬಾರದವರು ವೇಗಕ್ಕೆ ಆಸೆಪಡಬಾರದು.

ದೊಡ್ಡ ತಿರುವಿಗೆ ಅಂಚಿನ ಮೇಲೆ ವಾಲಿದರೆ ಸಾಕು. ಇಕ್ಕಟ್ಟಾದ ತಿರುವಿಗೆ 'ಕಿಕ್‌ಟರ್ನ್' ಎಂಬ ವರಸೆ ಬೇಕು: ಬಾಲದ ಮೇಲೆ ತುಸು ಭಾರ ಹಾಕಿ, ಮುಂದಿನ ಗಾಲಿಗಳನ್ನು ಒಂದಂಗುಲ ಎತ್ತಿ, ಹೊಸ ದಿಕ್ಕಿಗೆ ತಿರುಗಿಸಿ ಇಳಿಸುವುದು. ಇಲ್ಲಿ ಕಾಲು ಮೊದಲು ತಿರುಗುವುದಲ್ಲ. ಮೊದಲು ಕಣ್ಣು, ಆಮೇಲೆ ಹೆಗಲು, ಕೊನೆಗೆ ಕಾಲು. ಹಿಂದಿನ ಗಾಲಿಗಳ ಮೇಲೆಯೇ ಸಮತೋಲ ಕಂಡುಕೊಳ್ಳುವ ಈ ಪಾಠ ಆಲಿಗೆ ಅಡಿಪಾಯ. ಇದನ್ನು ಬಿಟ್ಟು ಮುಂದೆ ಹೋಗುವವರು ಕಾಗುಣಿತ ಕಲಿಯದೆ ಕಾವ್ಯ ಓದಹೊರಟವರಂತೆ.

ಆಲಿ

ಚಿನ್ನಿ ದಾಂಡು ಆಡಿದವರಿಗೆ ಆಲಿಯ ತತ್ತ್ವವನ್ನು ಹೆಚ್ಚು ವಿವರಿಸಬೇಕಾಗಿಲ್ಲ. ಚಿನ್ನಿಯ ಚೂಪಾದ ತುದಿಗೆ ದಾಂಡಿನಿಂದ ಕುಟ್ಟಿದರೆ ಅದು ತಾನಾಗಿ ಮೇಲಕ್ಕೆ ಚಿಮ್ಮುತ್ತದೆಯಷ್ಟೆ? ಇಲ್ಲಿ ಹಲಗೆಯೇ ಚಿನ್ನಿ, ಹಿಂಗಾಲೇ ದಾಂಡು.

ಹಿಂಗಾಲಿನ ತುದಿಭಾಗವನ್ನು ಬಾಲದ ಮೇಲೂ, ಮುಂಗಾಲನ್ನು ಮುಂದಿನ ಬೋಲ್ಟುಗಳಿಂದ ತುಸು ಹಿಂದಕ್ಕೂ ಇಡಬೇಕು. ಹೆಗಲುಗಳು ಹಲಗೆಗೆ ಸಮಾನಾಂತರವಾಗಿರಲಿ. ಮೊಣಕಾಲು ಮಡಿಸಿ ಕುಗ್ಗಿ, ಮೇಲಕ್ಕೆ ನೆಗೆಯುತ್ತ, ಹಿಂಗಾಲಿನಿಂದ ಬಾಲವನ್ನು ನೆಲಕ್ಕೆ ಟಕ್ಕೆಂದು ಬಡಿಯಬೇಕು. ಈಗ ಹಿಂದಿನ ಗಾಲಿಗಳನ್ನು ಆಧಾರವಾಗಿ ಮಾಡಿಕೊಂಡು, ಏತದ ಮರದಂತೆ, ಹಲಗೆಯ ಮೂತಿ ಮೇಲೇಳುತ್ತದೆ. ಬಾಲ ನೆಲಕ್ಕೆ ತಾಗಿದ ಕ್ಷಣದಲ್ಲಿ ನೆಲವು ಅದನ್ನು ಮೇಲಕ್ಕೆ ನೂಕುತ್ತದೆ. ಅದೇ ಕ್ಷಣದಲ್ಲಿ ಹಿಂಗಾಲನ್ನು ಎತ್ತಿಬಿಡಬೇಕು. ಇಲ್ಲವಾದರೆ ಹಲಗೆ ನೆಲಕ್ಕೇ ಅಂಟಿಕೊಂಡಿರುತ್ತದೆ.

ಇಷ್ಟಾದರೆ ಹಲಗೆ ನೆಟ್ಟಗೆ ನಿಂತೀತೇ ಹೊರತು ಗಾಳಿಯಲ್ಲಿ ಸಮತಟ್ಟಾಗದು. ಆ ಕೆಲಸ ಮುಂಗಾಲಿನದು. ಪಾದವನ್ನು ಸ್ವಲ್ಪ ಒಳಕ್ಕೆ ಹೊರಳಿಸಿ, ಬೂಟಿನ ಬದಿಯನ್ನು ಆ ಒರಟು ಹಾಳೆಯ ಮೇಲೆ ಮೂತಿಯ ಕಡೆಗೆ ಉಜ್ಜುತ್ತ ಹೋದರೆ ಘರ್ಷಣೆಯು ಹಲಗೆಯನ್ನು ಕಾಲಿನೊಡನೆ ಮೇಲಕ್ಕೆಳೆಯುತ್ತದೆ. ಮೂತಿಯನ್ನು ಮುಂದಕ್ಕೆ ಒತ್ತಿದಾಗ ಬಾಲ ಮೇಲೆದ್ದು ಹಲಗೆ ಸಮವಾಗುತ್ತದೆ. ಆಮೇಲೆ ಎರಡು ಪಾದಗಳೂ ಬೋಲ್ಟುಗಳ ಮೇಲೆ ಇಳಿಯಬೇಕು; ಇಳಿಯುವಾಗ ಮೊಣಕಾಲು ಮಡಿದಿರಬೇಕು. ಇದೆಲ್ಲ ನಡೆಯುವುದು ಒಂದು ಸೆಕೆಂಡಿಗೂ ಕಡಿಮೆ ಕಾಲದಲ್ಲಿ.

ಇದರಿಂದ ಒಂದು ವಿಷಯ ಸ್ಪಷ್ಟವಾಗುತ್ತದೆ. ಸವಾರನು ಹಲಗೆಯನ್ನು ಎತ್ತುವುದಿಲ್ಲ. ತಾನು ನೆಗೆದು, ಹಲಗೆ ತನ್ನ ಹಿಂದೆ ಬರಲು ಜಾಗ ಮಾಡಿಕೊಡುತ್ತಾನೆ. ಎಷ್ಟು ಎತ್ತರಕ್ಕೆ ಮೊಣಕಾಲು ಎತ್ತುತ್ತಾನೋ ಅಷ್ಟೇ ಎತ್ತರಕ್ಕೆ ಹಲಗೆ ಬರಬಲ್ಲದು.

ಈಗ ಹೊಸಬರ ತಪ್ಪುಗಳನ್ನು ನೋಡೋಣ. ಒಂದನೆಯದು, ಹಿಂಗಾಲು ಹಲಗೆಯ ಮೇಲಿಳಿದು ಮುಂಗಾಲು ನೆಲಕ್ಕಿಳಿಯುವುದು. ಎರಡನೆಯದು, ದೇಹ ಹಿಂದಕ್ಕೆ ವಾಲಿ ಹಲಗೆ ಮುಂದಕ್ಕೆ ಹಾರಿಹೋಗುವುದು. ಮೂರನೆಯದು, ಅರ್ಧ ನೆಗೆದು ಬಾಲವನ್ನು ಒತ್ತಿಕೊಂಡೇ ಇರುವುದು. ಇವು ಮೂರು ತಪ್ಪುಗಳಾಗಿ ತೋರಿದರೂ ಮೂಲ ಒಂದೇ. ಚಲಿಸುವ ಹಲಗೆಯ ಮೇಲೆ ಪೂರ್ತಿ ಭಾರ ಹಾಕಿ ಇಳಿಯಲು ಮನಸ್ಸು ಒಪ್ಪುವುದಿಲ್ಲ; ಒಂದು ಕಾಲನ್ನು ಪಾರಾಗಲು ಕಾಯ್ದಿರಿಸುತ್ತದೆ. ವಿಪರ್ಯಾಸವೆಂದರೆ, ಹೀಗೆ ಅರ್ಧಂಬರ್ಧ ಇಳಿದಾಗಲೇ ಕಾಲು ಉಳುಕುವುದು. ಬೀಳುವುದನ್ನು ಮೊದಲೇ ಕಲಿತವರಿಗೆ ಈ ಕಾಯ್ದಿರಿಸಿದ ಕಾಲಿನ ಅಗತ್ಯ ಕ್ರಮೇಣ ತಪ್ಪುತ್ತದೆ. ಮೊದಲ ಪಾಠವನ್ನು ಅಷ್ಟು ಒತ್ತಿ ಹೇಳಿದುದು ಇದಕ್ಕಾಗಿಯೇ.

ಮೊದಮೊದಲು ಹುಲ್ಲಿನ ಮೇಲೋ ಜಮಖಾನೆಯ ಮೇಲೋ ಅಭ್ಯಾಸ ಮಾಡಿದರೆ ಗಾಲಿಗಳು ಉರುಳುವುದಿಲ್ಲ. ಆದರೆ ಅಲ್ಲೇ ಬಹುಕಾಲ ಉಳಿಯಬಾರದು. ನಿಂತಲ್ಲಿ ಕಲಿತದ್ದನ್ನು ಚಲಿಸುವಾಗ ಮತ್ತೊಮ್ಮೆ ಕಲಿಯಬೇಕಾಗುತ್ತದೆ.

ಇನ್ನೆರಡು ವರಸೆಗಳು

'ಷವ್-ಇಟ್' ಎಂಬುದರಲ್ಲಿ ಹಲಗೆ ನೆಲಕ್ಕೆ ಸಮಾನಾಂತರವಾಗಿಯೇ ಕಾಲಿನ ಕೆಳಗೆ ಅರ್ಧ ಸುತ್ತು ತಿರುಗುತ್ತದೆ, ಸವಾರ ತಿರುಗುವುದಿಲ್ಲ. ಹಿಂಗಾಲಿನಿಂದ ಬಾಲವನ್ನು ಬೆನ್ನ ಕಡೆಗೆ ಬಾಚಿ, ಸ್ವಲ್ಪ ನೆಗೆದರೆ ಸಾಕು, ಎತ್ತರ ಬೇಕಿಲ್ಲ. ಈ ಕಾರಣದಿಂದ ಕೆಲವರು ಇದನ್ನು ಆಲಿಗಿಂತ ಮೊದಲೇ ಕಲಿಯುತ್ತಾರೆ. 'ಕಿಕ್‌ಫ್ಲಿಪ್' ಎಂಬುದರಲ್ಲಿ ಆಲಿ ಮಾಡುತ್ತ ಮುಂಗಾಲಿನ ಬೆರಳುಗಳಿಂದ ಹಿಮ್ಮಡಿಯ ಕಡೆಯ ಅಂಚನ್ನು ಚಿಮ್ಮಿದಾಗ, ಹಲಗೆ ತನ್ನ ಉದ್ದದ ಸುತ್ತ ಒಮ್ಮೆ ಮಗುಚಿ ಮತ್ತೆ ಕಾಲಿಗೆ ಸಿಕ್ಕುತ್ತದೆ. ನೋಡಲು ಬಹು ಸುಂದರ. ಆದರೆ ಆಲಿ ದೃಢವಾಗುವ ಮುನ್ನ ಇದಕ್ಕೆ ಕೈಹಾಕುವುದು ವ್ಯರ್ಥ.

ಸ್ಥಳ ಮತ್ತು ಸಹವಾಸ

ವಾಹನಗಳು ಓಡಾಡುವ ರಸ್ತೆ ಈ ಆಟಕ್ಕೆ ತಕ್ಕ ಸ್ಥಳವಲ್ಲ. ಬ್ಯಾಸ್ಕೆಟ್‌ಬಾಲ್ ಅಂಕಣದಂಥ ಸಿಮೆಂಟಿನ ನೆಲವನ್ನು ಸಂಬಂಧಪಟ್ಟವರ ಅನುಮತಿ ಪಡೆದು, ಕಸಬರಿಕೆಯಿಂದ ಗುಡಿಸಿ, ಹರಳುಗಳನ್ನು ತೆಗೆದು ಉಪಯೋಗಿಸಬಹುದು. ನಮ್ಮ ನಾಡಿನಲ್ಲಿ ಹೋಲಿಸ್ಟೋಕ್ಡ್ ಎಂಬ ಯುವಕರ ತಂಡವು ಇತರರ ನೆರವಿನಿಂದ 2013ರಲ್ಲಿ ಬೆಂಗಳೂರಿನಲ್ಲಿ ಸ್ಕೇಟ್‌ಪಾರ್ಕ್ ಕಟ್ಟಿತು. ಮಧ್ಯಪ್ರದೇಶದ ಪನ್ನಾ ಜಿಲ್ಲೆಯ ಜನ್‌ವಾರ್ ಎಂಬ ಹಳ್ಳಿಯಲ್ಲಿ ಜರ್ಮನಿಯ ಉಲ್ರಿಕೆ ರೈನ್‌ಹಾರ್ಟ್ ಎಂಬ ಮಹಿಳೆಯ ಪ್ರಯತ್ನದಿಂದ 2015ರಲ್ಲಿ ಇಂಥದೇ ಸ್ಥಳ ಸಿದ್ಧವಾಯಿತು. ಶಾಲೆಗೆ ಹೋಗದವರಿಗೆ ಹಲಗೆಯಿಲ್ಲ, ಹುಡುಗಿಯರಿಗೆ ಮೊದಲ ಸರದಿ ಎಂಬ ಎರಡು ನಿಯಮಗಳನ್ನು ಅಲ್ಲಿ ಮಾಡಿದರು. ಹಲಗೆಯ ಆಸೆಯಿಂದ ಪುಸ್ತಕ ಹಿಡಿಸುವ ಈ ಉಪಾಯ ಮೆಚ್ಚತಕ್ಕದ್ದು.

ಉಪಸಂಹಾರ

ಟೋಕಿಯೊ ಒಲಿಂಪಿಕ್ಸಿನಲ್ಲಿ ಈ ಆಟಕ್ಕೆ ಮೊದಲ ಬಾರಿಗೆ ಸ್ಥಾನ ದೊರೆಯಿತು. ಆ ಕೂಟ ನಡೆದುದು 2021ರಲ್ಲಿ. ಮಹಿಳೆಯರ ಪಾರ್ಕ್ ವಿಭಾಗದ ಅಂತಿಮ ಸ್ಪರ್ಧೆಯಲ್ಲಿ ಹದಿಮೂರು ವರ್ಷದ ಬ್ರಿಟನ್ನಿನ ಸ್ಕೈ ಬ್ರೌನ್ ಮೊದಲ ಎರಡು ಓಟಗಳಲ್ಲಿ ಬಿದ್ದಳು. ಮೂರನೆಯದರಲ್ಲಿ ಗೆದ್ದು ಕಂಚಿನ ಪದಕ ಪಡೆದಳು. ಅದೇ ಸ್ಪರ್ಧೆಯಲ್ಲಿ ಜಪಾನಿನ ಮಿಸುಗು ಒಕಾಮೊಟೊ ತನ್ನ ಕೊನೆಯ ಓಟದಲ್ಲಿ ಬಿದ್ದು ಪದಕ ಕಳೆದುಕೊಂಡಳು. ಅಳುತ್ತಿದ್ದ ಅವಳನ್ನು ಪ್ರತಿಸ್ಪರ್ಧಿಗಳೇ ಹೆಗಲ ಮೇಲೆ ಹೊತ್ತರು.

'ಜಟ್ಟಿ ಕೆಳಗೆ ಬಿದ್ದರೂ ಮೀಸೆ ಮಣ್ಣಾಗಲಿಲ್ಲ' ಎನ್ನುವ ಗಾದೆಯವರಿಗೆ ಈ ಆಟದಲ್ಲಿ ಎಡೆಯಿಲ್ಲ. ಇಲ್ಲಿ ಬಿದ್ದವರು ಬಿದ್ದೆವೆಂದು ಒಪ್ಪಿ, ಯಾವ ಕಾಲು ಎಲ್ಲಿ ತಪ್ಪಿತೆಂದು ವಿಚಾರಿಸಿ, ಮಣ್ಣು ಕೊಡವಿಕೊಂಡು ಪುನಃ ಹಲಗೆ ಏರುತ್ತಾರೆ. ಪರೀಕ್ಷೆಯಲ್ಲಿ ಒಮ್ಮೆ ನಪಾಸಾದರೆ ಮುಖ ತೋರಿಸಲು ನಾಚುವ ವಿದ್ಯಾರ್ಥಿಗಳಿಗೆ ಇದಕ್ಕಿಂತ ಉಪಯುಕ್ತವಾದ ಪಾಠ ಇನ್ನೊಂದಿಲ್ಲ. ನೆಗೆಯುವುದನ್ನು ಕಲಿಯಬಯಸುವ ಮಿತ್ರರು ಮೊದಲು ಒಂದು ವಾರ ಹುಲ್ಲಿನ ಮೇಲೆ ಉರುಳಲಿ. ಉಳಿದುದು ಕ್ರಮವಾಗಿ ಬಂದೇ ಬರುತ್ತದೆ.