ಯುರೋಪಿನಲ್ಲಿ ಅಗ್ಗದ ಓಡಾಟ: ಪಾಸೋ, ಟಿಕೆಟ್ಟೋ, ಬಸ್ಸೋ?

ಬೆನ್ನಿಗೊಂದು ಬ್ಯಾಗು ಹಾಕಿಕೊಂಡು ಯುರೋಪು ಸುತ್ತಲು ಹೊರಟವರು ಮೊದಲು ಕೇಳುವುದು, ರೈಲು ಪಾಸ್ ತಗೊಳ್ಳೋದೋ ಬೇಡವೋ ಅಂತ. ಅದಕ್ಕೆ ಮುಂಚೆ ನಾನು ಒಂದು ಕೇಳುತ್ತೇನೆ: ಯಾವ ದಿನ ಯಾವ ಊರಲ್ಲಿರುತ್ತೀರಿ ಎಂಬುದು ಗೊತ್ತಾಗಿದೆಯೇ? ಇಲ್ಲಿಂದ ಹೋಗುವವರಿಗೆ ಷೆಂಗೆನ್ ವೀಸಾ ಬೇಕು. ಅರ್ಜಿಯ ಜೊತೆಗೆ ಎಲ್ಲೆಲ್ಲಿ ಎಷ್ಟು ದಿನ, ಯಾವ ಹಾಸ್ಟೆಲಿನಲ್ಲಿ ತಂಗುವುದು ಎಂಬುದನ್ನೂ ಕೊಡಬೇಕು. ಹಾಗಾಗಿ ವೀಸಾ ಕೈಗೆ ಬರುವ ಹೊತ್ತಿಗೆ ನಿಮ್ಮ ದಾರಿ ಹೆಚ್ಚುಕಡಿಮೆ ತೀರ್ಮಾನವಾಗಿರುತ್ತದೆ.

ಈಗ ಪಾಸಿನ ವಿಷಯ. ಯುರೋಪಿನ ನಿವಾಸಿಗಳಿಗೆ ಇಂಟರ್‌ರೈಲ್, ನಮಗೆ ಯೂರೈಲ್. ಇದರ ಗ್ಲೋಬಲ್ ಪಾಸ್ 33 ದೇಶಗಳಲ್ಲಿ ನಡೆಯುತ್ತದೆ. ವಯಸ್ಸು 27 ದಾಟದವರಿಗೆ ರಿಯಾಯಿತಿ ಉಂಟು. ಬೆಳಗ್ಗೆ ಎದ್ದು ಮನಸ್ಸಿಗೆ ಬಂದ ರೈಲು ಹತ್ತುವ ಸ್ವಾತಂತ್ರ್ಯಕ್ಕೆ ಕೊಡುವ ಬೆಲೆ ಅದು. ತಾರೀಖು ಗೊತ್ತುಮಾಡಿಕೊಂಡು ಹೊರಟವರಿಗೆ ಆ ಸ್ವಾತಂತ್ರ್ಯದಿಂದ ಆಗಬೇಕಾದ್ದೇನು? ಸಾಲದ್ದಕ್ಕೆ ಫ್ರಾನ್ಸಿನ ಟಿಜಿವಿ, ಇಟಲಿಯ ಫ್ರೆಚ್ಚಾರೊಸ್ಸಾ, ಸ್ಪೇನಿನ ಎವಿಇ ರೈಲುಗಳಲ್ಲಿ ಪಾಸ್ ಇದ್ದರೂ ಸೀಟು ಕಾಯ್ದಿರಿಸಲು ಬೇರೆ ದುಡ್ಡು ಕೊಡಬೇಕು. ಜರ್ಮನಿ, ಆಸ್ಟ್ರಿಯಾ, ಸ್ವಿಟ್ಜರ್‌ಲೆಂಡಿನ ಒಳಗೆ ಬಹುಪಾಲು ಈ ರಗಳೆ ಇಲ್ಲ. ಅಲ್ಲೇ ಹೆಚ್ಚು ದಿನ ಓಡಾಡುವವರಾದರೆ ಪಾಸಿನ ಲೆಕ್ಕ ಹಾಕಿ ನೋಡಬಹುದು. ಉಳಿದವರಿಗೆ ಬಿಡಿ ಟಿಕೆಟ್ಟೇ ಮೇಲು ಎಂದು ನನ್ನ ಅಭಿಪ್ರಾಯ.

ಬಿಡಿ ಟಿಕೆಟ್ಟಿನ ಗುಟ್ಟು ಸಮಯದಲ್ಲಿದೆ. ನಮ್ಮ ಮಾಮೂಲಿ ಎಕ್ಸ್‌ಪ್ರೆಸ್ ರೈಲಿನ ಸ್ಲೀಪರಿಗೆ ಅರವತ್ತು ದಿನ ಮೊದಲು ಕೊಂಡರೂ ಹತ್ತು ದಿನ ಮೊದಲು ಕೊಂಡರೂ ದರ ಒಂದೇ. ಅಲ್ಲಿನ ದೂರದ ರೈಲುಗಳಲ್ಲಿ ಹಾಗಲ್ಲ, ದಿನ ಹತ್ತಿರ ಬಂದಷ್ಟೂ, ಸೀಟು ಕರಗಿದಷ್ಟೂ ದರ ಏರುತ್ತದೆ. ಒಂದೇ ಹಳಿಯ ಮೇಲೆ ಎರಡು ಮೂರು ಕಂಪನಿಗಳು ಓಡುವ ಕಡೆ ಮಾತ್ರ ಪೈಪೋಟಿಯಿಂದ ನಮಗೆ ಲಾಭ. ಮ್ಯಾಡ್ರಿಡ್–ಬಾರ್ಸಿಲೋನಾ ನಡುವಿನ ಸುಮಾರು 620 ಕಿ.ಮೀ. ದಾರಿಯನ್ನು ಎರಡೂವರೆ ಗಂಟೆಯಲ್ಲಿ ಮುಗಿಸುವ ರೈಲುಗಳು ಬಹುಕಾಲ ರೆನ್ಫೆ ಎಂಬ ಒಂದೇ ಸಂಸ್ಥೆಯವು. 2021ರಲ್ಲಿ ವೀಗೋ, 2022ರಲ್ಲಿ ಇರ್ಯೋ ಬಂದ ಮೇಲೆ ದರ ಇಳಿಯಿತು. ಇಟಲಿಯಲ್ಲಿ 2012ರಿಂದಲೇ ಸರ್ಕಾರಿ ರೈಲಿಗೆ ಇಟಾಲೋ ಪ್ರತಿಸ್ಪರ್ಧಿ. ಪ್ರಾಗ್‌ನಿಂದ ವಿಯೆನ್ನಾಕ್ಕೆ ರೆಜಿಯೋಜೆಟ್‌ನ ಹಳದಿ ರೈಲು ಉಂಟು. ಒಂದು ಎಚ್ಚರಿಕೆ: ತೀರಾ ಅಗ್ಗದ ಟಿಕೆಟ್ಟು ರದ್ದು ಮಾಡಿದರೆ ಸಾಮಾನ್ಯವಾಗಿ ಹಣ ವಾಪಸ್ ಬರುವುದಿಲ್ಲ. ವೀಸಾ ಬಂದ ದಿನವೇ ಕೊಳ್ಳಿ, ಅದಕ್ಕೆ ಮುಂಚೆ ಬೇಡ.

ವಿಮಾನ ಅಗ್ಗವಲ್ಲವೇ ಎಂದರೆ, ಪರದೆಯ ಮೇಲೆ ಹೌದು. ರಯಾನ್‌ಏರ್‌ನಲ್ಲಿ ಮೂಲ ದರಕ್ಕೆ ಒಳಗೆ ಬಿಡುವುದು ಸೀಟಿನ ಕೆಳಗೆ ಹಿಡಿಸುವ ಚಿಕ್ಕ ಚೀಲವನ್ನು. ನಿಮ್ಮ ನಲವತ್ತು ಲೀಟರಿನ ಬ್ಯಾಗು ಅಲ್ಲಿ ಹಿಡಿಸುವುದಿಲ್ಲ, ಅದಕ್ಕೆ ಬೇರೆ ಹಣ. ಈ ಕಂಪನಿ ಪ್ಯಾರಿಸ್ ಹೆಸರಿನಲ್ಲಿ ಇಳಿಸುವ ಬೋವೆ ನಿಲ್ದಾಣವಿರುವುದು ಪ್ಯಾರಿಸ್ಸಿನಿಂದ ಎಂಬತ್ತು ಕಿ.ಮೀ. ಆಚೆ, ಬೆಂಗಳೂರಿಗೆಂದು ಹತ್ತಿಸಿಕೊಂಡು ತುಮಕೂರಿನಲ್ಲಿ ಇಳಿಸಿದ ಹಾಗೆ. ಅಲ್ಲಿಂದ ಊರಿಗೆ ಬಸ್ ದರ, ಬ್ಯಾಗಿನ ಹಣ, ಎರಡೂ ಕಡೆ ಕಾಯುವ ಹೊತ್ತು, ಎಲ್ಲ ಕೂಡಿಸಿ ಆಮೇಲೆ ರೈಲಿನ ದರದ ಪಕ್ಕ ಇಡಿ. ಸಮುದ್ರ ದಾಟಬೇಕಿದ್ದರೆ ಅಥವಾ ಸಾವಿರ ಕಿ.ಮೀ. ಮೀರಿದರೆ ವಿಮಾನವನ್ನು ನಾನೂ ನೋಡುತ್ತೇನೆ. ಯುರೋಪಿಯನ್ ಒಕ್ಕೂಟದವರಲ್ಲದ ಪ್ರಯಾಣಿಕರು ಇಂಥ ಕಂಪನಿಗಳ ಕೌಂಟರಿನಲ್ಲಿ ಮೊದಲು ಪಾಸ್‌ಪೋರ್ಟ್, ವೀಸಾ ತೋರಿಸಿಕೊಳ್ಳಬೇಕಾಗುತ್ತದೆ. ಆನ್‌ಲೈನಿನಲ್ಲಿ ಚೆಕ್-ಇನ್ ಆಗಿದೆಯೆಂದು ನೇರ ಗೇಟಿಗೆ ಹೋಗಬೇಡಿ.

ಹಸಿರು ಬಣ್ಣದ ಫ್ಲಿಕ್ಸ್‌ಬಸ್ ಸಾಮಾನ್ಯವಾಗಿ ಎಲ್ಲಕ್ಕಿಂತ ಅಗ್ಗ. ನಾಲ್ಕೈದು ಗಂಟೆಯ ಹಗಲು ಪ್ರಯಾಣಕ್ಕೆ ಧಾರಾಳವಾಗಿ ಹೋಗಿ. ರಾತ್ರಿ ಬಸ್ಸಿನಲ್ಲಿ ಹಾಸ್ಟೆಲಿನ ಬಾಡಿಗೆ ಉಳಿಯುತ್ತದೆ ನಿಜ, ಮರುದಿನ ಮಾತ್ರ ಕಣ್ಣು ಬಿಡಲಾಗದು. ಅದಕ್ಕಿಂತ ಆಸ್ಟ್ರಿಯಾದ ನೈಟ್‌ಜೆಟ್ ರೈಲು ವಾಸಿ. ಅದರಲ್ಲಿ ಕೂರುವ ಸೀಟು, ಹಂಚಿಕೊಂಡ ಕೋಣೆಯ ಮಲಗುವ ಬರ್ತ್ (ಇದಕ್ಕೆ ಕುಶೆಟ್ ಎನ್ನುತ್ತಾರೆ), ಪೂರಾ ಸ್ಲೀಪರ್ ಎಂದು ಮೂರು ಬಗೆ. ಸೀಟಿನ ಆಸೆಗೆ ಬೀಳದೆ ಕುಶೆಟ್ ಕೊಳ್ಳಿ. ವಿಯೆನ್ನಾದಲ್ಲಿ ಸಂಜೆ ಹತ್ತಿದರೆ ಬೆಳಗ್ಗೆ ವೆನಿಸ್.

ಹತ್ತಿರದ ಊರುಗಳಿಗೆ ಪ್ರಾದೇಶಿಕ ರೈಲುಗಳಿವೆ. ಬಹುಪಾಲು ಕಡೆ ಇವುಗಳ ದರ ಕೊನೆ ಗಳಿಗೆಯಲ್ಲೂ ಏರುವುದಿಲ್ಲ, ಮೊದಲೇ ಕೊಳ್ಳುವ ಆತುರ ಬೇಡ. ಆದರೆ ಇಟಲಿಯಲ್ಲಿ ಕಾಗದದ ಪ್ರಾದೇಶಿಕ ಟಿಕೆಟ್ಟು ಕೊಂಡಿದ್ದರೆ ಪ್ಲಾಟ್‌ಫಾರಂ ಹತ್ತಿರ ಇರುವ ಚಿಕ್ಕ ಯಂತ್ರದ ಬಾಯಿಗೆ ಅದನ್ನು ತೂರಿಸಿ. ದಿನ, ಗಂಟೆಯ ಮುದ್ರೆ ಬೀಳುವ ಸದ್ದು ಕೇಳಬೇಕು. ಮುದ್ರೆ ಇಲ್ಲದ ಟಿಕೆಟ್ಟಿಗೆ, ದುಡ್ಡು ಕೊಟ್ಟೇ ಕೊಂಡಿದ್ದರೂ, ರೈಲಿನೊಳಗೆ ದಂಡ ಹಾಕುತ್ತಾರೆ.