ಬಿಸಿಲಲ್ಲಿ ನಡೆಯುವವರಿಗೆ ಜೊತೆ ಏಕೆ ಬೇಕು?

ಮಕ್ಕಳೇ, ಯುಗಾದಿ ಹತ್ತಿರ ಬಂದಾಗ ಬಾಗಲಕೋಟೆ, ವಿಜಯಪುರ, ಬೆಳಗಾವಿ ಜಿಲ್ಲೆಗಳ ರಸ್ತೆಗಳಲ್ಲಿ ಪಾದಯಾತ್ರಿಗಳ ಸಾಲು ಕಾಣುತ್ತದೆ. ಇವರು ಆಂಧ್ರಪ್ರದೇಶದ ಶ್ರೀಶೈಲಕ್ಕೆ, ಮಲ್ಲಯ್ಯನ ದರ್ಶನಕ್ಕೆ ಹೊರಟವರು. ನೂರಾರು ಕಿಲೋಮೀಟರ್ ದಾರಿ. ಕೊನೆಯಲ್ಲಿ ನಲ್ಲಮಲ ಕಾಡು. ವೆಂಕಟಾಪುರ, ನಾಗಲೂಟಿ, ಪೆಚ್ಚೆರುವು, ಭೀಮನಕೊಳ್ಳ ದಾಟಿ ಬೆಟ್ಟ ಹತ್ತಬೇಕು. ಕೆಲವರು ಮರಗಾಲು ಕಟ್ಟಿಕೊಂಡೇ ಹೋಗುತ್ತಾರೆ! ನಿಮ್ಮ ಊರಿನಿಂದ ಯಾರಾದರೂ ಹೋಗಿದ್ದರೆ ಕೇಳಿ ನೋಡಿ. ಒಬ್ಬರೇ ಹೋದೆವು ಎನ್ನುವವರು ಅಪರೂಪ.

ಆ ದಾರಿಯಲ್ಲಿ ಒಬ್ಬ ಕಾಕಾ, ಅವರ ಅಣ್ಣನ ಮಗ ಇಬ್ಬರೂ ನಡೆಯುತ್ತಿದ್ದಾರೆ ಎಂದುಕೊಳ್ಳಿ. ನಡುಹಗಲು. ನೆರಳಿನಲ್ಲೇ 40 ಡಿಗ್ರಿ ಸೆಲ್ಸಿಯಸ್ ತಾಪ. ಅವರ ದೇಹದಲ್ಲಿ ಏನು ನಡೆಯುತ್ತಿದೆ?

ನಾವು ನಡೆಯುವಾಗ ಸ್ನಾಯುಗಳು ಬಳಸುವ ಶಕ್ತಿಯಲ್ಲಿ ಸುಮಾರು ಕಾಲು ಭಾಗ ಮಾತ್ರ ಕೆಲಸಕ್ಕೆ ಬರುತ್ತದೆ. ಉಳಿದದ್ದು ಶಾಖವಾಗುತ್ತದೆ. ಈ ಶಾಖ ಹೊರಗೆ ಹೋಗಲೇಬೇಕು, ಏಕೆಂದರೆ ದೇಹದ ತಾಪ 37 ಡಿಗ್ರಿಯ ಆಸುಪಾಸಿನಲ್ಲಿರಬೇಕು. ಗಾಳಿ ತಂಪಾಗಿದ್ದರೆ ಚರ್ಮದಿಂದ ಶಾಖ ಗಾಳಿಗೆ ಹೋಗುತ್ತದೆ. ಆದರೆ ಗಾಳಿಯೇ 40 ಡಿಗ್ರಿ ಇದ್ದರೆ? ಶಾಖ ಗಾಳಿಯಿಂದ ನಮ್ಮೊಳಗೇ ಬರುತ್ತದೆ! ಆಗ ಉಳಿದಿರುವುದು ಒಂದೇ ದಾರಿ, ಬೆವರು.

1 ಗ್ರಾಂ ನೀರಿನ ತಾಪವನ್ನು 1 ಡಿಗ್ರಿ ಏರಿಸಲು 1 ಕ್ಯಾಲೊರಿ ಸಾಕು. ಅದೇ 1 ಗ್ರಾಂ ಬೆವರು ಆವಿಯಾಗಲು ಸುಮಾರು 580 ಕ್ಯಾಲೊರಿ ಬೇಕು. ಅದನ್ನು ಬೆವರು ನಮ್ಮ ಚರ್ಮದಿಂದ ಪಡೆಯುತ್ತದೆ. ಇದೇ ಗುಪ್ತೋಷ್ಣ. ಮಣ್ಣಿನ ಮಡಕೆಯಲ್ಲಿ ನೀರು ತಣ್ಣಗಾಗುವುದೂ ಹೀಗೆಯೇ. ಆದರೆ ನೆನಪಿಡಿ, ಆವಿಯಾದ ಬೆವರಷ್ಟೇ ತಂಪು ಕೊಡುತ್ತದೆ. ತೊಟ್ಟಿಕ್ಕಿ ನೆಲಕ್ಕೆ ಬಿದ್ದದ್ದು ವ್ಯರ್ಥ. ಮಂಗಳೂರಿನ ಸೆಕೆ ವಿಜಯಪುರದ ಬಿಸಿಲಿಗಿಂತ ಕೆಲವೊಮ್ಮೆ ಹೆಚ್ಚು ಕಾಡುವುದೇಕೆ ಎಂದು ಈಗ ನೀವೇ ಹೇಳಬಲ್ಲಿರಿ.

ಬಿಸಿಲಲ್ಲಿ ನಡೆಯುವವರಿಗೆ ಗಂಟೆಗೆ 1 ಲೀಟರ್‌ವರೆಗೂ ಬೆವರು ಹೋಗಬಹುದು. ಅದರೊಡನೆ ಉಪ್ಪೂ ಹೋಗುತ್ತದೆ. ಗಂಟೆಗಟ್ಟಲೆ ಬರೀ ನೀರನ್ನೇ ವಿಪರೀತ ಕುಡಿದರೆ ರಕ್ತದ ಉಪ್ಪಿನ ಅಂಶ ಇಳಿದು ಅದೂ ಅಪಾಯವೇ. 1 ಲೀಟರ್ ಶುದ್ಧ ನೀರಿಗೆ 6 ಸಮತಟ್ಟು ಟೀ ಚಮಚ ಸಕ್ಕರೆ, ಅರ್ಧ ಟೀ ಚಮಚ ಉಪ್ಪು ಕಲಸಿ ಕುಡಿಯಬಹುದು. ಉಪ್ಪು ಹಾಕಿದ ಮಜ್ಜಿಗೆಯೂ ಒಳ್ಳೆಯದು. ಅನುಭವಸ್ಥ ಯಾತ್ರಿಗಳು ನಸುಕಿನಲ್ಲೇ ಎದ್ದು ನಡೆದು, ನಡುಹಗಲು ಮರದಡಿ ಮಲಗಿ, ಬಿಸಿಲು ಇಳಿದ ಮೇಲೆ ಮತ್ತೆ ಹೊರಡುತ್ತಾರೆ. ನಮ್ಮ ಕಾಕಾ ಹಾಗೆ ಮಾಡಲಿಲ್ಲ.

"ಕಾಕಾ, ನೆರಳಾಗ ಕೂಡ್ರಿ."

"ನನಗೇನಾಗೇದೋ? ನಡಿ ನಡಿ."

ಸ್ವಲ್ಪ ದೂರ ಹೋದ ಮೇಲೆ ಕಾಕಾ ತಡವರಿಸುತ್ತಾರೆ. ದಾಟಿ ಬಂದ ಊರಿನ ಹೆಸರು ಕೇಳಿದರೆ ಇನ್ನೇನೋ ಹೇಳುತ್ತಾರೆ. ಸುಮ್ಮನೆ ಸಿಟ್ಟಾಗುತ್ತಾರೆ. ಇದು ಹಟವಲ್ಲ. ದೇಹದ ತಾಪ 40 ಡಿಗ್ರಿ ದಾಟಿದರೆ ಮಿದುಳಿನ ಕೆಲಸ ತಪ್ಪತೊಡಗುತ್ತದೆ. ಇದನ್ನೇ ಬಿಸಿಲಾಘಾತ ಎನ್ನುತ್ತಾರೆ. 'ನನಗೆ ಹುಷಾರಿಲ್ಲ' ಎಂದು ತಿಳಿಯಬೇಕಾದದ್ದು ಮಿದುಳು, ಕೆಟ್ಟಿರುವುದೂ ಅದೇ! ಹಾಗಾಗಿ ಕಾಕಾನಿಗೆ ತಿಳಿಯದ್ದು ಹುಡುಗನ ಕಣ್ಣಿಗೆ ಮೊದಲು ಬೀಳುತ್ತದೆ.

ಬಿಸಿಲಾಘಾತವಾದಾಗ ಬೆವರು ನಿಂತೇ ಹೋಗುತ್ತದೆ ಎಂದು ಹಲವರು ತಿಳಿದಿದ್ದಾರೆ. ಹಾಗೇನೂ ಇಲ್ಲ. ನಡೆಯುತ್ತಿದ್ದವರ ಮೈ ಬೆವರಿನಿಂದ ಒದ್ದೆಯಾಗಿಯೂ ಇರಬಹುದು. ಮೈ ನೋಡುವುದಕ್ಕಿಂತ ಮಾತನ್ನು ಗಮನಿಸಿ.

ಹುಡುಗ ಏನು ಮಾಡಬೇಕು? ಕೂಗಿ ಜನರನ್ನು ಕರೆಯಬೇಕು, 108ಕ್ಕೆ ಫೋನ್ ಮಾಡಿಸಬೇಕು. ಆಂಬುಲೆನ್ಸ್‌ಗಾಗಿ ಸುಮ್ಮನೆ ಕಾಯಬಾರದು. ಕಾಕಾನನ್ನು ನೆರಳಿಗೆ ತಂದು, ಬಟ್ಟೆ ಸಡಿಲಿಸಿ, ತಲೆಯಿಂದ ಕಾಲಿನವರೆಗೆ ನೀರು ಸುರಿದು, ಟವೆಲ್‌ನಿಂದ ಜೋರಾಗಿ ಗಾಳಿ ಬೀಸಬೇಕು. ಕುಡಿಯಲು ಇಟ್ಟ ನೀರಾದರೂ ಸರಿ, ಸುರಿಯಲೇಬೇಕು. ಎಚ್ಚರ ತಪ್ಪಿದ್ದರೆ ಬಾಯಿಗೆ ನೀರು ಹಾಕಲೇಬಾರದು, ಶ್ವಾಸನಾಳಕ್ಕೆ ಹೋದೀತು.

ಮಾಡಿ ನೋಡಿ: ಒಂದೇ ಅಳತೆಯ ಮೂರು ಬಾಟಲಿಗಳಲ್ಲಿ ಒಂದೇ ಮಟ್ಟಕ್ಕೆ ನೀರು ತುಂಬಿ. ಒಂದನ್ನು ಹಾಗೇ ಬಿಡಿ. ಎರಡಕ್ಕೆ ಒದ್ದೆ ಬಟ್ಟೆ ಸುತ್ತಿ. ಆ ಎರಡರಲ್ಲಿ ಒಂದರ ಬಟ್ಟೆಯ ಮೇಲೆ ಪ್ಲಾಸ್ಟಿಕ್ ಹಾಳೆ ಬಿಗಿಯಾಗಿ ಕಟ್ಟಿ. ಗಾಳಿ ಬರುವ ನೆರಳಿನಲ್ಲಿ ಒಂದು ಗಂಟೆ ಇಡಿ. ಯಾವುದರ ನೀರು ಹೆಚ್ಚು ತಣ್ಣಗಿದೆ? ಮಂಗಳೂರಿನ ಸೆಕೆಯನ್ನು ಹೋಲುವ ಬಾಟಲಿ ಯಾವುದು?